ಓದಿ ತಿಳಿಯುವಂಥ ಲೆಕ್ಕ

ಗಣಿತದ ಪರೀಕ್ಷೆಯಲ್ಲಿ ಉತ್ತರವನ್ನಷ್ಟೇ ಬರೆದವನಿಗೆ ಪೂರ್ಣ ಅಂಕಗಳು ದೊರೆಯುವುದಿಲ್ಲ; ಅಲ್ಲಿಗೆ ಬಂದ ದಾರಿಯನ್ನೂ ಹಂತಹಂತವಾಗಿ ತೋರಿಸಬೇಕು. ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಈಗ ಗಣಕಯಂತ್ರವು ಮಾಡುತ್ತದೆ. ಆದರೆ ದಾರಿಯನ್ನು ತೋರಿಸುವ ಹೊಣೆ ನಮ್ಮದೇ. ಯಂತ್ರಕ್ಕೆ ನಾವು ಕೊಡುವ ಆಜ್ಞೆಗಳ ಸಾಲನ್ನು ಕ್ರಮವಿಧಿ ಎನ್ನುತ್ತೇವೆ. ಅದು ಯಂತ್ರಕ್ಕೆ ಅರ್ಥವಾದರೆ ಸಾಲದು. ಮನುಷ್ಯರು ಓದಿ ಪರೀಕ್ಷಿಸುವಂತೆಯೂ ಇರಬೇಕು. ಏಕೆಂಬುದನ್ನು ಒಂದು ನಿಜವಾದ ಪ್ರಸಂಗದಿಂದ ತಿಳಿಯೋಣ.

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು 20 ಮುಂದುವರಿದ ದೇಶಗಳ 1946ರಿಂದ 2009ರವರೆಗಿನ ಅಂಕಿಗಳನ್ನು ಪರಿಶೀಲಿಸಿದ್ದರು. ಸರ್ಕಾರದ ಸಾಲವು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 90ನ್ನು ಮೀರಿದಾಗ ಬೆಳವಣಿಗೆಯ ಸರಾಸರಿಯು ಶೇಕಡಾ −0.1ಕ್ಕೆ ಇಳಿಯುವುದೆಂದು ಅವರ ಲೆಕ್ಕ ತೋರಿಸಿತು. ಸರ್ಕಾರಗಳು ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸುತ್ತಿದ್ದವರು ಈ ಪ್ರಬಂಧವನ್ನು ಆಧಾರವಾಗಿ ಹಿಡಿದರು.

ಆಮ್ಹರ್ಸ್ಟ್ ನಗರದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಿದರು. ಉತ್ತರ ತಾಳೆಯಾಗಲಿಲ್ಲ. ಪ್ರಬಂಧಕಾರರು ತಮ್ಮ ಎಕ್ಸೆಲ್ ಕೋಷ್ಟಕವನ್ನು ಕಳುಹಿಸಿಕೊಟ್ಟ ಮೇಲೆ ಕಾರಣ ತಿಳಿಯಿತು. ದೇಶಗಳು 30ರಿಂದ 49ರವರೆಗಿನ ಸಾಲುಗಳಲ್ಲಿದ್ದುವು. ಸರಾಸರಿಯ ಸೂತ್ರವು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಈ ಐದೂ ಬಿಟ್ಟುಹೋಗಿದ್ದುವು. ಅಲ್ಲದೆ ಕೆಲವು ವರ್ಷಗಳ ಅಂಕಿಗಳು ಸೇರಿರಲಿಲ್ಲ. ನ್ಯೂಜಿಲೆಂಡಿನ ಒಂದೇ ವರ್ಷಕ್ಕೆ ಬ್ರಿಟನ್ನಿನ 19 ವರ್ಷಗಳಷ್ಟೇ ತೂಕ ದೊರೆತಿತ್ತು. 2013ರಲ್ಲಿ ಹರ್ನ್‌ಡನ್, ಮೈಕೇಲ್ ಆಶ್ ಮತ್ತು ರಾಬರ್ಟ್ ಪೊಲಿನ್ ಇವೆಲ್ಲವನ್ನೂ ಬದಲಿಸಿ ಲೆಕ್ಕ ಹಾಕಿದಾಗ ಸರಾಸರಿಯು ಶೇಕಡಾ 2.2 ಎಂದು ಬಂದಿತು. ಮೂಲ ಲೇಖಕರು ಸೂತ್ರದ ದೋಷವನ್ನು ಒಪ್ಪಿಕೊಂಡರು. ತೂಕದ ಕ್ರಮವನ್ನು ಮಾತ್ರ ಸಮರ್ಥಿಸಿಕೊಂಡರು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ವ್ಯತ್ಯಾಸದಲ್ಲಿ ಸೂತ್ರದ ದೋಷದ ಪಾಲು ಸುಮಾರು 0.3 ಮಾತ್ರ, ಉಳಿದುದರಲ್ಲಿ ಹೆಚ್ಚಿನದು ಯಾವ ವರ್ಷಗಳನ್ನು ಸೇರಿಸಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಆಯ್ಕೆಗಳಿಂದ ಬಂದುದು. ಕೋಷ್ಟಕದಲ್ಲಿ ಕಣ್ಣಿಗೆ ಬೀಳುವುದು ಉತ್ತರ. ದೋಷವೂ ಆಯ್ಕೆಯೂ ಅದರ ಹಿಂದೆ ಮರೆಯಾಗಿರುತ್ತವೆ. ಆರ್ ಅಥವಾ ಪೈಥಾನ್ ಭಾಷೆಯ ಕ್ರಮವಿಧಿಯಲ್ಲಿ ಪ್ರತಿಯೊಂದು ಹಂತವೂ ಬರವಣಿಗೆಯಾಗಿ ಉಳಿಯುತ್ತದೆ. ಆದರೆ ಆ ಬರವಣಿಗೆ ಸ್ಪಷ್ಟವಾಗಿರಬೇಕು. ಅದಕ್ಕೆ ನಾಲ್ಕು ನಿಯಮಗಳನ್ನು ಹೇಳಬಹುದು.

ಮೊದಲನೆಯದು, ಅರ್ಥವುಳ್ಳ ಹೆಸರು. 'ಕ = 90' ಎಂದರೆ ಏನೂ ತಿಳಿಯದು; 'ಸಾಲದ_ಮಿತಿ = 90' ಎಂದರೆ ಎಲ್ಲವೂ ತಿಳಿಯುತ್ತದೆ. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ ಇಂಥ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಕೊಡಬಹುದು.

ಎರಡನೆಯದು, ಒಂದು ಸಾಲಿಗೆ ಒಂದೇ ಕೆಲಸ. ಅಂಕಿಗಳನ್ನು ಆರಿಸುವುದು, ದೇಶವಾರು ವಿಂಗಡಿಸುವುದು, ಸರಾಸರಿ ತೆಗೆಯುವುದು ಇವನ್ನು ಒಂದೇ ಸಾಲಿನಲ್ಲಿ ತುರುಕಿದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಕಷ್ಟ.

ಮೂರನೆಯದು, ಕಾರಣವನ್ನು ಹೇಳುವ ಟಿಪ್ಪಣಿ. ಸರಾಸರಿ ತೆಗೆದೆವೆಂಬುದು ಆಜ್ಞೆಯಿಂದಲೇ ಗೊತ್ತಾಗುತ್ತದೆ. ಪ್ರತಿಯೊಂದು ದೇಶಕ್ಕೂ ಸಮತೂಕವನ್ನು ಏಕೆ ಕೊಟ್ಟೆವೆಂಬುದನ್ನು ನಾವೇ ಬರೆದಿಡಬೇಕು.

ನಾಲ್ಕನೆಯದು, ತಾಳೆ ನೋಡುವ ಸಾಲು. 'ಸರಾಸರಿಗೆ ಕೊಟ್ಟ ದೇಶಗಳು 20 ಆಗಿರದಿದ್ದರೆ ನಿಲ್ಲು' ಎಂಬ ಒಂದು ಆಜ್ಞೆಯಿದ್ದರೆ, ಐದು ದೇಶಗಳು ಜಾರಿಹೋದ ಕ್ಷಣವೇ ಯಂತ್ರವು ನಮ್ಮನ್ನು ಎಚ್ಚರಿಸುತ್ತಿತ್ತು.

ಸ್ಪಷ್ಟವಾಗಿ ಬರೆದ ಮಾತ್ರಕ್ಕೆ ತಪ್ಪುಗಳೇ ಆಗುವುದಿಲ್ಲವೆಂದು ಅರ್ಥವಲ್ಲ. ಆದ ತಪ್ಪು ಬೇಗ ಸಿಕ್ಕಿಬೀಳುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮುಂದಿನ ಕ್ರಮವಿಧಿಯನ್ನು ಸಹಪಾಠಿಯೊಬ್ಬರ ಕೈಗೆ ಕೊಟ್ಟು ಸುಮ್ಮನಿರಿ. ನೀವು ಏನನ್ನೂ ವಿವರಿಸದೆಯೇ ಅವರು ಅದನ್ನು ಅರ್ಥಮಾಡಿಕೊಂಡರೆ, ನಿಮ್ಮ ಉತ್ತರವನ್ನು ಪರೀಕ್ಷಿಸುವ ದಾರಿ ಎಲ್ಲರಿಗೂ ತೆರೆದಿದೆಯೆಂದು ತಿಳಿಯಬಹುದು.