ಫೋನಿನ ಫ್ರೆಂಡು, ಸಿಗಾಲನ ಮಿತ್ರ


*ಇಂದಿನ ಧಮ್ಮ ಚಿಂತನ*
_ಓದು: ದೀಘ ನಿಕಾಯ, ಸಿಗಾಲೋವಾದ ಸುತ್ತ, ಮಿತ್ರರ ಭಾಗ_

ಧಮ್ಮ ಬಂಧುಗಳೇ,

ಹೋದ ಭಾನುವಾರ ಓದು ಮುಗಿದ ಮೇಲೆ ನಮ್ಮ ಬಳಗದ ತಂಗಿಯೊಬ್ಬಳು ಕೇಳಿದಳು: "ಅಣ್ಣಾರ, ನನ್ನ ಫೋನ್ನಾಗ ಎಂಟ್ನೂರು ಮಂದಿ ಫ್ರೆಂಡ್ಸ್ ಅದಾರ. ಇದರಾಗ ಕಲ್ಯಾಣಮಿತ್ತ ಯಾರಂತ ಹೆಂಗ ಹುಡುಕೋದು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಆ ಪ್ರಶ್ನೆಗೆ ನಾನು ಒಂದು ಬೆಲೆ ಕೊಟ್ಟಿದ್ದೇನೆ. ಬೆಲೆ ಕೊಟ್ಟವನು ನಿಜವಾಗಿ ನಾನಲ್ಲ, ನನ್ನ ಗೆಳೆಯ. ಅದನ್ನೇ ಇವತ್ತು ಬರೆಯುತ್ತೇನೆ.

ಮೊದಲು ಸುತ್ತದ ಮಾತು. ರಾಜಗೃಹದ ಗೃಹಸ್ಥನ ಮಗ ಸಿಗಾಲ ಬೆಳಿಗ್ಗೆ ಎದ್ದು, ಒದ್ದೆ ಬಟ್ಟೆಯಲ್ಲೇ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಅಪ್ಪ ಸಾಯುವಾಗ ಹೇಳಿದ್ದನಂತೆ, ಮಗ ಮಾಡುತ್ತಿದ್ದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಭಗವಾನರು ಅವನನ್ನು ಬೈಯಲಿಲ್ಲ, ದಿಕ್ಕುಗಳಿಗೆ ಅರ್ಥ ತುಂಬಿಕೊಟ್ಟರು. ಪೂರ್ವ ಎಂದರೆ ತಂದೆ ತಾಯಿ, ದಕ್ಷಿಣ ಎಂದರೆ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಎಂದರೆ ಮಿತ್ರರು. ಕೆಳಗಿನ ದಿಕ್ಕು ದುಡಿಯುವ ಆಳುಗಳದು, ಮೇಲಿನದು ಸಮಣರದು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆರು ದಿಕ್ಕಿಗೆ ಆರು ಬಗೆಯ ಕರ್ತವ್ಯ. ಗುರುವಿಗೆ ಸಲ್ಲಬೇಕಾದದ್ದು ಮಿತ್ರನಿಗಲ್ಲ, ಮಿತ್ರನಿಗೆ ಸಲ್ಲಬೇಕಾದದ್ದು ಆಳಿಗಲ್ಲ. ಸಂಬಂಧ ಬೇರೆ, ಹಂಚಿಕೊಳ್ಳುವ ಮಾತೂ ಬೇರೆ.

ನಮ್ಮ ನವಲಿಯಲ್ಲೂ ಹಾಗೇ ತಾನೇ? ಗೆಳೆಯ ಬೇರೆ, ದೋಸ್ತ ಬೇರೆ, ಬೀಗ ಬೇರೆ. ನಾಟಿಗೆ ಬಂದು ಹೋಗುವ ಮುಯ್ಯಾಳು ಬೇರೆ, ಗಂಗಾವತಿಯ ದಲಾಲಿ ಅಂಗಡಿಯವರು ಬೇರೆ. ದಲಾಲಿಯವರ ಎದುರು ಬೆಳೆ ಚೆನ್ನಾಗಿದೆ ಎನ್ನುತ್ತೇವೆ. ಗೆಳೆಯನ ಎದುರು ಕಣೆ ಹುಳ ಬಿದ್ದದ್ದನ್ನು ಹೇಳಿಕೊಳ್ಳುತ್ತೇವೆ. ಇದರಲ್ಲಿ ಸುಳ್ಳಿಲ್ಲ, ಇದು ಮರ್ಯಾದೆ. ಫೋನಿನಲ್ಲಿ ಮಾತ್ರ ಇವರೆಲ್ಲರಿಗೂ ಒಂದೇ ಹೆಸರು: ಫ್ರೆಂಡ್. ಒಂದು ಗುಂಡಿ ಒತ್ತಿದರೆ ಆಯಿತು, ಇನ್ನೊಂದು ಒತ್ತಿದರೆ ಹೋಯಿತು. ನಡುವೆ ಏನೂ ಇಲ್ಲ.

ಈಗ ನನ್ನ ಕಥೆ. ಮೂರು ವರ್ಷದ ಹಿಂದೆ, ಬೇಸಿಗೆ ಭತ್ತ ಕೊಯ್ಯುವ ಹೊತ್ತಿಗೆ, ನನ್ನ ಬಾಲ್ಯದ ಗೆಳೆಯ ಆಸ್ಪತ್ರೆ ಸೇರಿದ. ಆಪರೇಷನ್ ಆಗಬೇಕಿತ್ತು, ಎರಡು ಬಾಟಲಿ ರಕ್ತ ಬೇಕಿತ್ತು. ನಾನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು, ನಾನು ಬಳಸುತ್ತಿದ್ದ ಒಂದು ಜಾಲತಾಣದಲ್ಲಿ ಬರೆದೆ. ಅವನ ಹೆಸರು, ಊರು, ಏನು ರೋಗ, ಎಷ್ಟು ದಿನದಿಂದ, ಡಾಕ್ಟರು ಏನಂದರು, ಎಲ್ಲಾ. ಮಂಚದ ಮೇಲೆ ಮಲಗಿದ್ದ ಅವನ ಫೋಟೋ ಹಾಕಿದೆ. ಅವನ ಮಗ ಅವನ ಹೆಸರಲ್ಲೂ ಒಂದು ಖಾತೆ ತೆರೆದುಕೊಟ್ಟಿದ್ದ, ಅದನ್ನೂ ಟ್ಯಾಗ್ ಮಾಡಿದೆ. ನನ್ನ ಲೆಕ್ಕದಲ್ಲಿ ಅದು ನನ್ನ ಬಳಗಕ್ಕೆ, ಅಂದರೆ ಓದಿನ ಗುಂಪಿನವರಿಗೆ ಮತ್ತು ನೆಂಟರಿಷ್ಟರಿಗೆ ಹೇಳಿದ ಮಾತು. ಜಾಲತಾಣದ ಲೆಕ್ಕ ಬೇರೆಯಿತ್ತು. ಯಾರನ್ನು ಟ್ಯಾಗ್ ಮಾಡುತ್ತೇವೋ ಅವರ ಫ್ರೆಂಡುಗಳಿಗೂ ಅದು ಕಾಣುತ್ತದೆ. ಅದು ಮೊದಲಿನಿಂದಲೇ ಹಾಗೆ ಇಟ್ಟ ಸೆಟ್ಟಿಂಗು. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ನೆಪವಲ್ಲ, ಹೇಗಿತ್ತೋ ಹಾಗೆ ಹೇಳುತ್ತಿದ್ದೇನೆ.

ಸಂಜೆಯೊಳಗೆ ನೂರಾರು ಲೈಕು, ಸಾಲು ಸಾಲು ಕೈಮುಗಿದ ಚಿತ್ರ. ಅವನಿಗೆ ಬೀಜ ಗೊಬ್ಬರಕ್ಕೆ ಸಾಲ ಕೊಟ್ಟಿದ್ದವರೂ ನೋಡಿದರು. ಆಳು ಮೇಲೇಳುವ ಹಾಗಿಲ್ಲ ಎಂದು ತಿಳಿದುಕೊಂಡರೋ ಏನೋ, ಮೂರನೇ ದಿನವೇ ಮನೆಗೆ ಬಂದು ಕಣದಲ್ಲಿದ್ದ ಭತ್ತದ ಮೇಲೆ ಕಣ್ಣಿಟ್ಟರು. ಅವನ ಹೆಂಡತಿ ಒಬ್ಬಳೇ ಇದ್ದಳು. ಹೇಳಿದ ದರಕ್ಕೆ ಕೊಟ್ಟು ಕಳಿಸಿದಳು. ಇನ್ನೂ ಒಂದು ನಷ್ಟವಾಯಿತು. ಅದನ್ನು ಬರೆಯಬೇಡ ಎಂದು ಗೆಳೆಯ ಹೇಳಿದ್ದಾನೆ, ಬರೆಯುವುದಿಲ್ಲ.

ರಕ್ತ ಸಿಕ್ಕಿತು. ಒಂದು ಬಾಟಲಿ ಅವನ ಪಕ್ಕದ ಗದ್ದೆಯ ಹುಡುಗನದು. ಅವನಿಗೆ ಯಾವ ಪೋಸ್ಟೂ ಗೊತ್ತಿಲ್ಲ, ಫೋನ್ ಮಾಡಿದೆವು, ಬಸ್ಸು ಹತ್ತಿ ಬಂದ. ಇನ್ನೊಂದು ಕಾರಟಗಿ ಕಡೆಯ ಒಬ್ಬ ತರುಣನದು. ಅವನು ನನ್ನ ಪೋಸ್ಟ್ ನೋಡಿಯೇ ಬಂದವನು, ಆದರೆ ನನಗೂ ಫ್ರೆಂಡಲ್ಲ, ಗೆಳೆಯನಿಗೂ ಅಲ್ಲ. ಯಾರದೋ ಕಡೆಯಿಂದ ಯಾರಿಗೋ ಹೋಗಿ ಅವನಿಗೆ ಸಿಕ್ಕಿತ್ತಂತೆ. ಚಹಾ ಸಹ ಕುಡಿಯದೆ ಹೋದ. ಅದಕ್ಕೇ ನಾನು ಹಂಚುವುದೇ ತಪ್ಪು ಎಂದು ಹೇಳುವವರ ಕಡೆ ಇಲ್ಲ.

ಗೆಳೆಯ ಎದ್ದು ಓಡಾಡುವ ಹಾಗಾದ ಮೇಲೆ ನಾನು ತಪ್ಪೊಪ್ಪಿಕೊಳ್ಳಲು ಹೋದೆ. ಅವನು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ರಕ್ತ ಬೇಕಂತ ಹೇಳಿದ್ದು ಚಲೋ ಆತು. ಯಾಕ ಬೇಕಂತ ಹೇಳೋದ್ ಏನಿತ್ತಲೇ?"

ನಾನು ಆ ಬರಹ ಅಳಿಸಿದೆ. ಅಳಿಸಿದ್ದು ನನ್ನ ಗೋಡೆಯಿಂದ ಮಾತ್ರ, ಫೋಟೋ ಇಳಿಸಿಕೊಂಡು ಹಂಚಿದವರ ಹತ್ತಿರ ಹಾಗೇ ಉಳಿಯಿತು. ಸರಿಯಾಗಿ ಒಂದು ವರ್ಷಕ್ಕೆ ಅವರ ಮನೆಯವರೊಬ್ಬರ ಫೋನಿನಲ್ಲಿ ಅದೇ ಮಂಚದ ಫೋಟೋ ಮೇಲೆದ್ದು ಬಂತು, ಬಣ್ಣಬಣ್ಣದ ಬಲೂನಿನ ಚಿತ್ರದ ಜೊತೆ, ನಿಮ್ಮ ಸವಿನೆನಪು ಎಂದು. ಯಂತ್ರಕ್ಕೆ ಜಾತ್ರೆಯ ಫೋಟೋನೂ ಒಂದೇ, ಆಸ್ಪತ್ರೆಯ ಫೋಟೋನೂ ಒಂದೇ. ಹೆಚ್ಚು ಮಂದಿ ನೋಡಿದ್ದು ಯಾವುದು ಎಂಬುದಷ್ಟೇ ಅದರ ಲೆಕ್ಕ.

ಇದು ನಮ್ಮಂಥ ಹಳ್ಳಿಯವರಿಗೆ ತಿಳಿಯದೆ ಆದದ್ದು ಎಂದು ಮೊದಲು ಅಂದುಕೊಂಡಿದ್ದೆ. ಹಾಗಲ್ಲ. 2010ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ಬಜ್ ಎಂಬ ಸೇವೆ ತಂದಿತು. ಜೀಮೇಲ್‌ನಲ್ಲಿ ನೀವು ಯಾರಿಗೆ ಹೆಚ್ಚು ಪತ್ರ ಬರೆಯುತ್ತೀರೋ ಅವರನ್ನೇ ನಿಮ್ಮ ಬಳಗ ಎಂದು ಅದು ತಾನಾಗಿ ಜೋಡಿಸಿತು. ಆ ಪಟ್ಟಿ ಬೇರೆಯವರ ಕಣ್ಣಿಗೂ ಬೀಳುವ ಹಾಗಿತ್ತು. ಯೋಚಿಸಿ, ನಾವು ಹೆಚ್ಚು ಪತ್ರ ಬರೆಯುವುದು ವಕೀಲರಿಗೆ ಇರಬಹುದು, ಡಾಕ್ಟರಿಗೆ ಇರಬಹುದು, ಜಗಳದಲ್ಲಿರುವ ದಾಯಾದಿಗೂ ಇರಬಹುದು. ಜನ ಗಲಾಟೆ ಮಾಡಿದರು, 2011ರಲ್ಲಿ ಆ ಸೇವೆ ಮುಚ್ಚಿತು.

ಇನ್ನೊಂದು ಲೆಕ್ಕವಂತೂ ನಾವು ಬಾಯಿಪಾಠ ಮಾಡಬೇಕಾದದ್ದು. 2018ರ ಏಪ್ರಿಲ್‌ನಲ್ಲಿ, ಕೇಂಬ್ರಿಜ್ ಅನಾಲಿಟಿಕಾ ಪ್ರಕರಣದ ವೇಳೆ, ಫೇಸ್‌ಬುಕ್ ಸಂಸ್ಥೆಯೇ ಭಾರತದ ಅಂಕಿ ಕೊಟ್ಟಿತು. ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪನ್ನು ಇಲ್ಲಿ ಹಾಕಿಕೊಂಡವರು 335 ಜನ. ಅವರ ಮೂಲಕ ಮಾಹಿತಿ ಸೋರಿಹೋಗಿರಬಹುದಾದ ಉಳಿದವರು 5,62,120 ಜನ. ಇವರು ಆ ಆ್ಯಪನ್ನು ಮುಟ್ಟಿರಲಿಲ್ಲ. ಅವರು ಮಾಡಿದ್ದು ಇಷ್ಟೇ, ಆ 335ರಲ್ಲಿ ಯಾರಿಗೋ ಫ್ರೆಂಡ್ ಆಗಿದ್ದರು. ನನ್ನ ಬಾಗಿಲು ತೆರೆಯಲು ನನ್ನ ಗೆಳೆಯನ ಒಪ್ಪಿಗೆ ಸಾಕು ಎಂದು ಕಂಪನಿ ತೀರ್ಮಾನಿಸಿಬಿಟ್ಟಿತ್ತು.

ಈಗ ಸುತ್ತಕ್ಕೆ ವಾಪಸ್ ಬನ್ನಿ. ಮಿತ್ರನ ವೇಷದ ನಾಲ್ವರನ್ನು ಭಗವಾನರು ತೋರಿಸುತ್ತಾರೆ: ಬರೀ ತೆಗೆದುಕೊಂಡು ಹೋಗುವವನು, ಬರೀ ಮಾತಿನವನು, ಮುಖಸ್ತುತಿ ಮಾಡುವವನು, ಹಾಳು ದಾರಿಗೆ ಜೊತೆಯಾಗುವವನು. ಮೊದಲನೆಯವನ ಲಕ್ಷಣ, ಕೊಡುವುದು ಸ್ವಲ್ಪ, ಬಯಸುವುದು ಬಹಳ. ಎರಡನೆಯವನು ಆಗ ಹಾಗೆ ಮಾಡಿದ್ದೆ, ಮುಂದೆ ಹೀಗೆ ಮಾಡುತ್ತೇನೆ ಎಂದು ಆಡುತ್ತಾ ಇರುತ್ತಾನೆ, ಕೆಲಸ ಬಿದ್ದ ದಿನ ಅವನಿಗೇ ತೊಂದರೆ ಬಂದಿರುತ್ತದೆ. ನನ್ನ ಪೋಸ್ಟಿನ ಕೆಳಗೆ ಕೈಮುಗಿದವರ ಪಟ್ಟಿ ನೋಡಿ ನನಗೆ ಇವನೇ ನೆನಪಾದ. ಆಮೇಲೆ ನಾಚಿಕೆಯೂ ಆಯಿತು, ಎಷ್ಟೋ ಜನರ ಪೋಸ್ಟಿನ ಕೆಳಗೆ ನಾನೂ ಹಾಗೇ ಕೈಮುಗಿದು ಮುಂದೆ ಹೋಗಿದ್ದೇನೆ.

ನಿಜವಾದ ಮಿತ್ರರೂ ನಾಲ್ವರು: ನೆರವಾಗುವವನು, ಸುಖದುಃಖದಲ್ಲಿ ಒಂದೇ ತೆರನಾಗಿರುವವನು, ಹಿತ ಹೇಳುವವನು, ಮರುಗುವವನು. ಇವರಲ್ಲಿ ಎರಡನೆಯವನ ಗುಣ ನೋಡಿ. ತನ್ನ ಗುಟ್ಟನ್ನು ಅವನು ನಿಮಗೆ ಹೇಳುತ್ತಾನೆ, ನಿಮ್ಮ ಗುಟ್ಟನ್ನು ಮುಚ್ಚಿಡುತ್ತಾನೆ. ಜಾಲತಾಣ ಮಾಡುವುದು ಇದರ ಉಲ್ಟಾ. ತನ್ನ ಲೆಕ್ಕಾಚಾರ ಒಂದನ್ನೂ ನಮಗೆ ಹೇಳುವುದಿಲ್ಲ, ನಮ್ಮದನ್ನು ಇಟ್ಟುಕೊಳ್ಳುವುದಿಲ್ಲ.

ಮೊದಲನೆಯವನ, ಅಂದರೆ ನೆರವಾಗುವವನ ಲಕ್ಷಣ ನನ್ನನ್ನು ಹೆಚ್ಚು ಕಾಡಿದ್ದು. ನೀವು ಮೈಮರೆತಾಗ ಅವನು ನಿಮ್ಮನ್ನು ಕಾಯುತ್ತಾನೆ. ಪಾಳಿಯಲ್ಲಿ ಈ ಮೈಮರೆವಿಗೆ ಪಮಾದ ಎನ್ನುತ್ತಾರೆ. ಮನುಷ್ಯ ಮೈಮರೆಯುತ್ತಾನೆ ಎಂಬುದು ಭಗವಾನರಿಗೂ ಗೊತ್ತಿತ್ತು, ಕಂಪನಿಗಳಿಗೂ ಗೊತ್ತು. ಒಬ್ಬರು ಅದಕ್ಕೆ ಮಿತ್ರನ ಕಾವಲು ಹೇಳಿದರು. ಇನ್ನೊಬ್ಬರು ಅದರ ಮೇಲೇ ಸೆಟ್ಟಿಂಗು ಕಟ್ಟಿದರು: ನೀನು ಬೇಡ ಅನ್ನುವವರೆಗೆ ಎಲ್ಲರಿಗೂ ಕಾಣಲಿ. ಆದರೆ ಕಂಪನಿ ನನ್ನ ಮಿತ್ರನಲ್ಲ, ಅದು ಕಾಯಲಿಲ್ಲ ಎಂದು ಎಷ್ಟು ಬೈಯಲಿ? ಅವತ್ತು ಗೆಳೆಯ ಪ್ರಜ್ಞೆಯಿಲ್ಲದೆ ಮಲಗಿದ್ದ. ಕಾಯಬೇಕಾಗಿದ್ದ ಮಿತ್ರ ನಾನು.

ಹಂಚುವುದು ಎಂದಾಗ ನಮ್ಮ ನೆಲದ್ದೇ ಒಂದು ಉದಾಹರಣೆ ಇದೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಅತ್ತ ಮಸ್ಕಿಯಲ್ಲಿ ಸಾಮ್ರಾಟ್ ಅಶೋಕನ ಒಂದೇ ಸಂದೇಶ ಬಂಡೆಯ ಮೇಲಿದೆ. ಮಸ್ಕಿಯದು 1915ರಲ್ಲಿ ಬೆಳಕಿಗೆ ಬಂತು, ಕೊಪ್ಪಳದವು 1931ರಲ್ಲಿ. ಅದೇ ಸಂದೇಶ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೆ. ಅಲ್ಲಿ ಅದು ಬಂದ ದಾರಿಯೂ ಕೆತ್ತಿದೆ: ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ. ಆ ಸುವರ್ಣಗಿರಿ ನಮ್ಮ ಪಕ್ಕದ ಕನಕಗಿರಿಯೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಮಸ್ಕಿ ಎನ್ನುವವರೂ ಇದ್ದಾರೆ. ಕನಕಗಿರಿ ಎಂದರೆ ನನಗೆ ಖುಷಿ, ಆ ಮಾತು ಬಿಡಿ. ಅಂತೂ ಅದೊಂದು ಫಾರ್ವರ್ಡ್ ಸಂದೇಶ. ಆದರೆ ಹೇಗಿದೆ ನೋಡಿ. ಎಲ್ಲಿಂದ, ಯಾರಿಂದ ಬಂತು ಎಂದು ಹೇಳುತ್ತದೆ. ವಿಷಯಕ್ಕೆ ಹೋಗುವ ಮೊದಲು ಆರೋಗ್ಯ ವಿಚಾರಿಸುತ್ತದೆ. ಬರೆದ ಲಿಪಿಕಾರ ಚಪಡ ಕೊನೆಗೆ ತನ್ನ ಹೆಸರು ಹಾಕಿದ್ದಾನೆ. ಒಳಗಿನ ವಿಷಯವೇನು? ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲ ಒಂದು ವರ್ಷ ನಾನು ಹೆಚ್ಚು ಶ್ರಮ ಪಡಲಿಲ್ಲ ಎಂದು ಚಕ್ರವರ್ತಿ ಒಪ್ಪಿಕೊಂಡದ್ದು. ಊರೂರಿನ ಬಂಡೆಯ ಮೇಲೆ ಹಾಕಿಸಿದ ಕೊರತೆ ತನ್ನದು, ಬೇರೆಯವರದಲ್ಲ.

ಹೆಸರಿಲ್ಲದೆ ಓಡುವ ಮಾತು ಏನು ಮಾಡುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ನಾವು ಕಂಡಿದ್ದೇವೆ. ಹೈದರಾಬಾದಿನಿಂದ ಬಂದ ತರುಣರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ಸುದ್ದಿ ಫೋನಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಜೀವ ಕಳೆದುಕೊಂಡ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. ಆ ಸಂದೇಶ ಕಳಿಸಿದವರಲ್ಲಿ ಹೆಚ್ಚಿನವರು ತಮ್ಮ ಮಿತ್ರರ ಮಕ್ಕಳನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದಿರಬೇಕು. ನಾನೂ ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ತಂಗಿಯ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಕಲ್ಯಾಣಮಿತ್ತತೆ ಧಮ್ಮಜೀವನದ ಅರ್ಧವೇ ಸರಿ ಎಂದು ಆನಂದ ಥೇರರು ಹೇಳಿದಾಗ, ಅರ್ಧವಲ್ಲ, ಪೂರ್ತಿ ಎಂದು ಭಗವಾನರು ತಿದ್ದಿದರು ಎಂದು ಸಂಯುತ್ತ ನಿಕಾಯದಲ್ಲಿ ಓದಿದ್ದೇವೆ. ಅಷ್ಟು ದೊಡ್ಡದನ್ನು ಪಟ್ಟಿಯಲ್ಲಿ ಹುಡುಕಲಾಗದು. ನಾನು ಈಗ ಮಾಡುವುದು ಸಣ್ಣ ಕೆಲಸ. ಬೇರೆಯವರ ಬಗ್ಗೆ ಏನಾದರೂ ಹಾಕುವ ಮೊದಲು ಅವರಿಗೆ ಫೋನ್ ಮಾಡಿ ಕೇಳುತ್ತೇನೆ. ಸಹಾಯ ಕೇಳುವುದಿದ್ದರೆ ಏನು ಬೇಕು, ಎಲ್ಲಿಗೆ ಬರಬೇಕು, ಇಷ್ಟೇ ಬರೆಯುತ್ತೇನೆ. ಟ್ಯಾಗ್ ಮಾಡುವುದನ್ನು ಬಿಟ್ಟೇ ಬಿಟ್ಟಿದ್ದೇನೆ. ನೀವೂ ಈ ವಾರ ಮನೆಯ ಹುಡುಗರನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿಮ್ಮ ಫೋಟೋ, ಸ್ಟೇಟಸ್ಸು ಯಾರಿಗೆಲ್ಲಾ ಕಾಣುತ್ತಿದೆ ಎಂದು ಒಮ್ಮೆ ತೆರೆದು ನೋಡಿ. ನಾನು ನೋಡಿದಾಗ ನಮ್ಮ ಬೋರ್‌ವೆಲ್ ರಿಪೇರಿಯವನಿಗೂ ನನ್ನ ಮೊಮ್ಮಗಳ ತೊಟ್ಟಿಲು ಕಾರ್ಯದ ಫೋಟೋ ಹೋಗಿತ್ತು.

ಈ ಬರಹವನ್ನು ಮೊನ್ನೆ ಗೆಳೆಯನಿಗೆ ಓದಿ ತೋರಿಸಿದೆ. ಹೊಲದ ಬದುವಿನ ಮೇಲೆ ಕೂತು ಕೇಳಿದ. ಒಂದು ಕಡೆ ತೆಗೆಸಿದ, ಅದನ್ನು ಮೇಲೆ ಹೇಳಿದ್ದೇನೆ. ಆಮೇಲೆ ನಕ್ಕು, "ನಿನ್ನ ಸುದ್ದೀನೂ ನನ್ನ ಹತ್ರ ಒಂದೈತಿ, ಮರತಿಲ್ಲ" ಅಂದ. ಹೌದು, ಮೂವತ್ತು ವರ್ಷದ ಹಿಂದೆ ಕಾಲುವೆ ದಂಡೆಯ ಮೇಲೆ ನಾನು ಅವನಿಗೆ ಹೇಳಿಕೊಂಡ ಒಂದು ಮಾತಿದೆ. ಇವತ್ತಿಗೂ ನವಲಿಯಲ್ಲಿ ಮೂರನೆಯವರಿಗೆ ಗೊತ್ತಿಲ್ಲ.

ಭಾನುವಾರ ಸುತ್ತದ ಮುಂದಿನ ಭಾಗ, ಮಿತ್ರರಿಗೆ ಸಲ್ಲಬೇಕಾದ ಐದು ಕರ್ತವ್ಯಗಳು. ಪುಸ್ತಕ ಇದ್ದವರು ತನ್ನಿ. ಇದನ್ನು ಬೇರೆ ಗುಂಪಿಗೆ ಕಳಿಸುವವರು ಕಳಿಸಿ, ಗೆಳೆಯ ಯಾರು ಎಂದು ಮಾತ್ರ ಯಾರೂ ಕೇಳಬೇಡಿ.

ಮೈತ್ರಿಯಿಂದ 🙏