ಹುಳಿ ಮಣ್ಣಿಗೆ ಎಷ್ಟು ಸುಣ್ಣ? ತಟಸ್ಥೀಕರಣದ ಒಂದು ಪಾಠ

ತರಗತಿ: 7
ವಿಷಯ: ವಿಜ್ಞಾನ
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು
ಅವಧಿ: 2
ಪ್ರದೇಶ: ಕೈಲಾಂಚ ಹೋಬಳಿ, ರಾಮನಗರ ತಾಲ್ಲೂಕು

ಪಾಠದ ಅಗತ್ಯ

"ಮಣ್ಣು ಆಮ್ಲೀಯವಾದರೆ ಸುಣ್ಣ ಹಾಕಬೇಕು" ಎಂಬ ಒಂದೇ ವಾಕ್ಯದಲ್ಲಿ ಈ ಕಲಿಕಾಂಶ ಮುಗಿದುಹೋಗುವುದುಂಟು. ಕೈಲಾಂಚದ ಮಕ್ಕಳಿಗೆ ರಾಗಿ ಹೊಲ, ಮಾವಿನ ತೋಪು, ಹಿಪ್ಪುನೇರಳೆ ತೋಟ ಹೊಸದಲ್ಲ. ಇಷ್ಟನ್ನೇ ಕಲಿತು ಮನೆಯಲ್ಲಿ ಹೇಳಿದರೆ ಬೇಡದ ಹೊಲಕ್ಕೂ ಸುಣ್ಣ ಬೀಳಬಹುದು. ಸುಣ್ಣ ಹೆಚ್ಚಾದರೆ ಸತು, ಕಬ್ಬಿಣದಂಥ ಪೋಷಕಾಂಶಗಳು ಬೇರಿಗೆ ದಕ್ಕುವುದಿಲ್ಲ. ಆದ್ದರಿಂದ "ಹಾಕಬೇಕೇ? ಎಷ್ಟು?" ಎಂಬ ಪ್ರಶ್ನೆಗಳನ್ನು ಮಕ್ಕಳೇ ಕೇಳುವಂತೆ ಪಾಠವನ್ನು ಬೆಳೆಸಬೇಕು.

ಶಿಕ್ಷಕರಿಗೆ ವಿಷಯದ ಹಿನ್ನೆಲೆ

ಮಣ್ಣಿನ ರಸಸಾರ (ಪಿ.ಎಚ್.) 7ಕ್ಕಿಂತ ಕಡಿಮೆಯಿದ್ದರೆ ಅದು ಆಮ್ಲೀಯ. ಸುಮಾರು 5.5ಕ್ಕಿಂತ ಇಳಿದಾಗ ಅಲ್ಯೂಮಿನಿಯಂ ಕರಗಿ ಬೇರಿಗೆ ಹಾನಿ ಮಾಡುತ್ತದೆ; ರಂಜಕವೂ ಮಣ್ಣಿನಲ್ಲೇ ಬಂಧಿಯಾಗುತ್ತದೆ. ಮಳೆನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೊಚ್ಚಿಕೊಂಡು ಹೋಗುವುದು ಇದಕ್ಕೊಂದು ಕಾರಣ. ಯೂರಿಯಾ, ಅಮೋನಿಯಂ ಗೊಬ್ಬರಗಳು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುವುದು ಇನ್ನೊಂದು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ–ಮುಸುಕಿನ ಜೋಳದ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆದಿದೆ. ಬರೀ ಸಾರಜನಕ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಸಮತೋಲಿತ ಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರ, ಸುಣ್ಣ ಎರಡೂ ಬಿದ್ದ ತಾಕುಗಳಲ್ಲಿ ಇಳುವರಿ ನಿಂತಿತು.

ರೇಷ್ಮೆ ಬೆಳೆಗಾರರಿಗೆ ಇದು ಹತ್ತಿರದ ಮಾತು. ನೀರಾವರಿಯ ವಿ–1 ಹಿಪ್ಪುನೇರಳೆಗೆ ಹೆಕ್ಟೇರಿಗೆ ವರ್ಷಕ್ಕೆ 350 ಕಿ.ಗ್ರಾಂ ಸಾರಜನಕದ ಶಿಫಾರಸು ಇದೆ. ಅದರೊಂದಿಗೆ 20 ಟನ್ ಕೊಟ್ಟಿಗೆ ಗೊಬ್ಬರವನ್ನೂ ಹೇಳಿದೆ. ಎರಡನೆಯದನ್ನು ಬಿಟ್ಟರೆ ಹುಳಿ ಬೇಗ ಏರುತ್ತದೆ. ಹಿಪ್ಪುನೇರಳೆಗೆ 6.2ರಿಂದ 6.8ರ ರಸಸಾರ ಹಿತ. ರಾಗಿ ಅದಕ್ಕಿಂತ ಹುಳಿಯಾದ ಮಣ್ಣನ್ನೂ ತಾಳಿಕೊಳ್ಳುತ್ತದೆ.

ಚಟುವಟಿಕೆ: ಸುಣ್ಣ ಕುಡಿಯುವ ಮಣ್ಣು

ಸಾಮಗ್ರಿ: ಮರಳುಮಿಶ್ರಿತ ಕೆಂಪು ಮಣ್ಣು, ಗದ್ದೆಯ ಜೇಡಿಮಣ್ಣು, ಪಿ.ಎಚ್. ಕಾಗದ, ಅರಿಶಿನ ಕಾಗದ, ಸುಣ್ಣದ ತಿಳಿನೀರು, ಎರಡು ಲೋಟ.

1. ಜರಡಿ ಹಿಡಿದ ಮಣ್ಣು ತಲಾ 20 ಗ್ರಾಂ, ನೀರು ತಲಾ 50 ಮಿ.ಲೀ. ಬೆರೆಸಿ, ಕಲಕಿ, ಅರ್ಧ ಗಂಟೆ ಬಿಡಿ.
2. ತಿಳಿಯಾದ ನೀರಿನ ರಸಸಾರವನ್ನು ಪಿ.ಎಚ್. ಕಾಗದದಿಂದ ನೋಡಿ, ಕಪ್ಪುಹಲಗೆಯಲ್ಲಿ ಬರೆಯಿರಿ.
3. ಸುಣ್ಣದ ತಿಳಿನೀರನ್ನು 5 ಮಿ.ಲೀ. ಚಮಚದಲ್ಲಿ ಒಂದೊಂದಾಗಿ ಹಾಕಿ ಕಲಕಿ. ಪ್ರತಿ ಸಲವೂ ಒಂದು ಹನಿಯನ್ನು ಅರಿಶಿನ ಕಾಗದಕ್ಕೆ ಮುಟ್ಟಿಸಿ. ಕಾಗದ ಕೆಂಪಾಗುವವರೆಗಿನ ಚಮಚಗಳನ್ನು ಮಕ್ಕಳು ಎಣಿಸಲಿ.

ಮುನ್ನಾದಿನವೇ ಮಾಡಿ ನೋಡಿ, ರಸಸಾರ ಒಂದಕ್ಕೊಂದು ಹತ್ತಿರವಿರುವ ಎರಡು ಮಣ್ಣನ್ನೇ ಆರಿಸಿಕೊಳ್ಳಿ. ಸಾಮಾನ್ಯವಾಗಿ ಜೇಡಿಮಣ್ಣು ಹೆಚ್ಚು ಚಮಚ ಬೇಡುತ್ತದೆ. ತಿಳಿನೀರನ್ನು ಶಿಕ್ಷಕರೇ ಸಿದ್ಧಪಡಿಸಬೇಕು. ಸುಟ್ಟ ಸುಣ್ಣ ಮಕ್ಕಳ ಕೈಗೆ ಸಿಗಬಾರದು.

ವಿಕಸನ ಪ್ರಶ್ನೆಗಳು

- ರಸಸಾರ ಹೆಚ್ಚುಕಡಿಮೆ ಒಂದೇ ಇದ್ದರೂ ಚಮಚಗಳ ಲೆಕ್ಕ ಬೇರೆಯಾದದ್ದೇಕೆ? (ಜೇಡಿಯ ಕಣಗಳು ಹೆಚ್ಚು ಆಮ್ಲವನ್ನು ಹಿಡಿದಿಟ್ಟುಕೊಂಡಿರುತ್ತವೆ.)
- ಕೆಂಪು ಬಣ್ಣ ನೋಡಿಯೇ ಮಣ್ಣು ಹುಳಿ ಎನ್ನಬಹುದೇ? (ಇಲ್ಲ. ಬಣ್ಣ ಕಬ್ಬಿಣದ ಆಕ್ಸೈಡಿನದು.)
- ಸುಣ್ಣವನ್ನು ಯೂರಿಯಾದೊಂದಿಗೆ ಬೆರೆಸಿ ಎರಚಬಹುದೇ? (ಬಾರದು. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬಿತ್ತನೆಗೆ ಎರಡು–ಮೂರು ವಾರ ಮೊದಲೇ ಸುಣ್ಣ ಹಾಕಿ ಮಣ್ಣಿಗೆ ಸೇರಿಸಬೇಕು.)

ಮೌಲ್ಯಮಾಪನ ಮತ್ತು ನಿಯೋಜಿತ ಕಾರ್ಯ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ತಿಳಿಸುತ್ತದೆ. ಅದರಲ್ಲಿ ರಸಸಾರವೂ ಒಂದು. ಮನೆಯಲ್ಲಿ ಚೀಟಿಯಿದ್ದರೆ ಮಗು ಆ ಅಂಕಿಯನ್ನೂ ಈಗಿನ ಬೆಳೆಯನ್ನೂ ಬರೆದು ತರಲಿ. ಇಲ್ಲದಿದ್ದರೆ ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡುವ ಬಗೆಯನ್ನು ವಿಚಾರಿಸಿ ಬರಲಿ.

ಮಾರ್ಗದರ್ಶಕರ ಗಮನಕ್ಕೆ

ಸಮೀಕರಣ ತಪ್ಪಿಲ್ಲದೆ ಬರೆಸಿದರೆ ಪಾಠ ಅರ್ಧ ಆದಂತೆ. "ನಮ್ಮ ಹೊಲಕ್ಕೆ ಸುಣ್ಣ ಹಾಕಬಹುದಾ ಮೇಡಂ?" ಎಂದು ಮಗು ಕೇಳಿದಾಗ, ಪ್ರಶಿಕ್ಷಣಾರ್ಥಿ "ಚೀಟಿಯಲ್ಲಿ ಎಷ್ಟಿದೆ? ಯಾವ ಮಣ್ಣು? ಯಾವ ಬೆಳೆ?" ಎಂದು ತಿರುಗಿ ಕೇಳುತ್ತಾರೆಯೇ ಎಂಬುದನ್ನು ವೀಕ್ಷಣಾ ಪುಸ್ತಕದಲ್ಲಿ ದಾಖಲಿಸಿ.