ಉಗುರಿಗೆ ಬಣ್ಣ ಹಚ್ಚುವ ಮುನ್ನ

ಮನೆಯಲ್ಲಿಯೇ ಉಗುರುಗಳನ್ನು ತಿದ್ದಿ ಬಣ್ಣ ಹಚ್ಚಿಕೊಳ್ಳುವ ರೂಢಿ ನಮ್ಮಲ್ಲಿ ಹಲವರಿಗುಂಟು. ಆದರೆ ಉಗುರೆಂದರೇನೆಂಬುದನ್ನು ಮೊದಲು ತಿಳಿಯೋಣ.

ಉಗುರಿನ ತುದಿಯನ್ನು ಕತ್ತರಿಸಿದರೆ ನಮಗೆ ನೋವಾಗುವುದಿಲ್ಲ. ಏಕೆಂದರೆ ಅದು ಕೆರಾಟಿನ್ ಎಂಬ ಪ್ರೋಟೀನು ತುಂಬಿದ ನಿರ್ಜೀವ ಕೋಶಗಳ ಫಲಕ. ಅದನ್ನು ನಿರ್ಮಿಸುವ ಸಜೀವ ಕೋಶಗಳಾದರೋ ಬುಡದ ಚರ್ಮದಡಿಯಲ್ಲಿ ಅಡಗಿರುತ್ತವೆ. ಚರ್ಮವೂ ಉಗುರೂ ಕೂಡುವೆಡೆಯಲ್ಲಿ ತೆಳುವಾದ ಪೊರೆಯೊಂದಿದೆ. ಅಂದಕ್ಕೆಂದು ಅದನ್ನು ಕತ್ತರಿಸುವುದು ಕೋಟೆಯ ಬಾಗಿಲನ್ನು ಕಿತ್ತಂತೆ. ರೋಗಾಣುಗಳು ಒಳಹೊಕ್ಕು ಉಗುರುಸುತ್ತು ಉಂಟಾಗಬಹುದು.

ಅಂಗಡಿಯ ಉಗುರುಬಣ್ಣಗಳಲ್ಲಿ ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವು ಈಥೈಲ್ ಅಸಿಟೇಟಿನಂತಹ ದ್ರಾವಕಗಳಲ್ಲಿ ಕರಗಿರುತ್ತದೆ. ದ್ರಾವಕವು ಆವಿಯಾದೊಡನೆ ಬಣ್ಣದ ಪದರವು ಉಳಿಯುತ್ತದೆ. ದಪ್ಪವಾಗಿ ಬಳಿದರೆ ಮೇಲ್ಮೈ ಮೊದಲು ಒಣಗಿ, ಒಳಗಿನ ದ್ರಾವಕವು ಸೆರೆಯಾಗುತ್ತದೆ. ಆದುದರಿಂದ ತೆಳುವಾಗಿ ಎರಡು ಸಲ ಬಳಿಯುವುದು ಲೇಸು. ಈ ಆವಿಯು ಬೇಗನೆ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳ ಬಳಿ ಸೀಸೆಯನ್ನು ತೆರೆಯಲೇಬಾರದು. ಒಣಗಿದ ಪದರವನ್ನು ಅಸಿಟೋನ್ ಮತ್ತೆ ಕರಗಿಸಬಲ್ಲದು.

ಗೋರಂಟಿಯ ಬಗೆಯೇ ಬೇರೆ. ಅದರ ಎಲೆಯಲ್ಲಿನ ಲಾಸೋನ್ ಎಂಬ ವರ್ಣದ್ರವ್ಯವು ಕೆರಾಟಿನ್ನಿನೊಡನೆಯೇ ಬೆಸೆದುಕೊಳ್ಳುತ್ತದೆ. ಉಗುರು ಬೆಳೆದಂತೆಲ್ಲ ಆ ಬಣ್ಣ ತುದಿಯತ್ತ ಸರಿಯುವುದೇ ಹೊರತು ತೊಳೆದರೆ ಹೋಗದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಗೋರಂಟಿ ಹಚ್ಚಿದ ಬಳಿಕ ಬುಡದಲ್ಲಿ ಕಾಣುವ ಬಣ್ಣವಿಲ್ಲದ ಭಾಗವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡೋಣ. ಆಗ ನಮ್ಮ ಬೆರಳೇ ನಮ್ಮ ಪ್ರಯೋಗಶಾಲೆಯಾಗುವುದು.